ಹರಿದು ಹೋಗದ ಕೆಂಪು

ನಡೆದದ್ದು ಇಷ್ಟೇ. ಒಂದು ಊರಿನವರು ಕುಡಿಯುವ ನೀರಿಗೆ ನಾನು ಎಲೆಯಡಿಕೆ ಉಗುಳಿದೆ. ತಪ್ಪು ಇನ್ನೊಬ್ಬನ ತಲೆಗೆ ಬಂದಾಗ ಬಾಯಿ ಮುಚ್ಚಿ ನಿಂತೆ. ಉಳಿದದ್ದನ್ನು ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಈ ಎರಡಕ್ಕೆ ಮಾತ್ರ ನಾನೇ ಸಾಕ್ಷಿ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಹೇಳಿದ್ದನ್ನೆಲ್ಲ ನಂಬುವವರ ಪೈಕಿ ಅಲ್ಲ. ನೆರೆಮನೆಯವರು ಬಾವಿಕಟ್ಟೆಯಲ್ಲಿ ಬಿಳಿ ಸೀರೆಯ ಹೆಂಗಸನ್ನು ಕಂಡೆವು ಎಂದಾಗ, ಒಣಗಲು ಹಾಕಿದ ಸೀರೆಯನ್ನು ಒಳಗೆ ತರಲು ಮರೆತಿದ್ದೀರಿ, ಹೋಗಿ ನೋಡಿ ಎಂದಿದ್ದೆ. ಹೋಗಿ ನೋಡಿದರೆ ಹಾಗೇ ಇತ್ತು. ಅಂಥವಳು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನಗುವವರು ನಗಬಹುದು.

ತೊಂಬತ್ತರ ನಂತರದ ಮೊದಲ ವರ್ಷಗಳು. ಮಗಳ ಸಂಸಾರ ಒಮಾನಿನ ಅಲ್ ಅಮೇರಾತಿನಲ್ಲಿತ್ತು. ಅವಳು ನರ್ಸ್. ಅಳಿಯ ಸದಾನಂದನಿಗೆ ಆಫೀಸು ಕೆಲಸ. ಏಳು ವರ್ಷದ ಮೊಮ್ಮಗಳು ಶ್ವೇತಾಳನ್ನು ನೋಡಿಕೊಳ್ಳಲು ನನ್ನನ್ನು ಊರಿನಿಂದ ಕರೆಸಿಕೊಂಡಿದ್ದರು. ಹಪ್ಪಳದ ಡಬ್ಬಿಯ ಅಡಿಯಲ್ಲಿ ಅಡಿಕೆ, ಸುಣ್ಣ, ಹೊಗೆಸೊಪ್ಪು ಇಟ್ಟುಕೊಂಡು ಹೋಗಿದ್ದೆ. ಎಲೆಯನ್ನು ಊರಿನಿಂದ ಬರುವವರ ಕೈಯಲ್ಲಿ ತರಿಸುತ್ತಿದ್ದೆ. ಅಳಿಯನಿಗೆ ಅದು ಕಂಡರಾಗದು. "ಮಾಮಿ, ಇಲ್ಲಿ ಅದೆಲ್ಲ ಬೇಡ, ನನ್ನ ಮರ್ಯಾದೆ ಹೋಗ್ತದೆ" ಎಂದಿದ್ದ. ಬಿಟ್ಟೆ ಎಂದು ಹೇಳಿದ್ದೆ. ಬಿಟ್ಟಿರಲಿಲ್ಲ.

ಅವನಿಗೆ ಹಳೆಯ ದಾರಿಗಳ ಹುಚ್ಚು. ಕಡಲ ಬದಿಯಿಂದ ಬೆಟ್ಟ ಹತ್ತಿ ಇಳಿದು ಇಬ್ರಿಗೆ, ಅಲ್ಲಿಂದ ಬುರೈಮಿಗೆ, ಹಿಂದಿನ ಕಾಲದಲ್ಲಿ ವ್ಯಾಪಾರಿಗಳು ಒಂಟೆ ಕತ್ತೆಗಳ ಮೇಲೆ ಸರಕು ಸಾಗಿಸುತ್ತಿದ್ದ ದಾರಿಯಲ್ಲೇ ಹೋಗಬೇಕು ಎಂದು ಬಹಳ ದಿನದಿಂದ ಹೇಳುತ್ತಿದ್ದ. ಮೂರು ದಿನದ ರಜೆ ಬಂತು. ಇಬ್ರಿಯಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಕಡೆಯ ಬ್ಯಾರಿ, ಹಮೀದ್, ದೊಡ್ಡ ಚಕ್ರದ ಗಾಡಿ ತಂದರು. ಮಗಳಿಗೆ ಡ್ಯೂಟಿ, ಹಾಗಾಗಿ ಮಗುವಿನ ಜೊತೆಗೆ ನಾನು.

"ಸಾವಿರಾರು ವರ್ಷದ ದಾರಿ, ಮಾಮಿ!" ಎಂದ ಅಳಿಯ. ನನಗೆ ಕಂಡದ್ದು ಬರೀ ಕಲ್ಲು. ಸೊಂಟ ಹಿಡಿದುಕೊಂಡು, "ಅಷ್ಟು ವರ್ಷದಲ್ಲಿ ಒಂದು ಡಾಂಬರು ಹಾಕಲಿಕ್ಕೆ ಆಗಲಿಲ್ಲವಾ?" ಎಂದೆ. ಹಮೀದ್ ನಗುತ್ತ, "ಅಕ್ಕಾ, ಈ ದಾರಿಯಲ್ಲಿ ಮೇಲೆ ಹೋಗುತ್ತಿದ್ದದ್ದು ಒಣಮೀನು, ಕೆಳಗೆ ಬರುತ್ತಿದ್ದದ್ದು ಖರ್ಜೂರ. ನಿಮ್ಮವರದ್ದೇ ವ್ಯಾಪಾರ" ಎಂದರು. ಅದು ಮಾತ್ರ ನನಗೆ ಅರ್ಥವಾಯಿತು. ನನ್ನ ತಾಯಿ ತಲೆಯ ಮೇಲೆ ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಬುಡದವರೆಗೆ ನಡೆದವಳು.

ಬಿಸಿಲು ಇಳಿಯುವಾಗ, ಅಸರಿನ ನಮಾಜಿನ ಹೊತ್ತಿಗೆ, ಒಂದು ಸಣ್ಣ ಊರು ಸಿಕ್ಕಿತು. ಬೆಟ್ಟದ ಮಡಿಲಲ್ಲಿ ಹತ್ತಿಪ್ಪತ್ತು ಮಣ್ಣಿನ ಮನೆ, ಖರ್ಜೂರದ ತೋಟ. ಹಮೀದರ ಅಂಗಡಿಯಿಂದ ಅಲ್ಲಿಗೆ ಅಕ್ಕಿ, ಸಕ್ಕರೆ ಹೋಗುತ್ತಿತ್ತು. ಅವರ ಗುರುತಿನ ಮನೆಯಲ್ಲಿ ಒಬ್ಬಳು ಮುದುಕಿ, ಅವಳ ಮಗ. ನಾವು ಬರುತ್ತೇವೆಂದು ಬೆಳಿಗ್ಗೆಯೇ ಆಡು ಕಡಿಸಿದ್ದರು. ಕಡಿದವನು ಅವರ ತೋಟದ ಆಳು, ನಲವತ್ತು ದಾಟಿದ ಬಂಗಾಳಿ.

ಹೊರಗೆ ಚಾಪೆ ಹಾಸಿ ಕಾಫಿಗೆ ಕರೆದರು. ನನ್ನ ಬಾಯಿ ತುಂಬ ಎಲೆಯಡಿಕೆ. ಜೊತೆಗೆ ತಂದಿದ್ದ ಹಪ್ಪಳದ ಡಬ್ಬಿಯಿಂದ ತೆಗೆದು, ಗಾಡಿ ನಿಂತ ಕೂಡಲೇ ಮರೆಯಲ್ಲಿ ಹಾಕಿಕೊಂಡಿದ್ದೆ. ಕೈ ತೊಳೆದು ಬರುತ್ತೇನೆ ಎಂದು ಸನ್ನೆ ಮಾಡಿ ಮನೆಯ ಹಿಂದೆ ಏರು ಹತ್ತಿದೆ. ಅಲ್ಲಿ ಬೆಟ್ಟದ ಒಳಗಿನಿಂದ ಒಂದು ಕಲ್ಲಿನ ಬಾಯಿಯಲ್ಲಿ ನೀರು ಹೊರಬಿದ್ದು ಸಣ್ಣ ಕಾಲುವೆಯಾಗಿ ತೋಟದ ಕಡೆ ಹರಿಯುತ್ತಿತ್ತು. ಅವರು ಅದನ್ನು ಫಲಜ್ ಎನ್ನುತ್ತಾರೆ.

ನಮ್ಮಲ್ಲಿ ಕುಡಿಯುವುದಕ್ಕೆ ಬಾವಿ. ತೋಡು ಇರುವುದು ತೊಳೆಯುವುದಕ್ಕೆ. ಹರಿಯುವ ನೀರು ಕಂಡರೆ ಬಾಯಿ ಮುಕ್ಕಳಿಸಿ ಉಗುಳುವುದು ನಮಗೆ ಹುಟ್ಟಿನಿಂದ ಬಂದದ್ದು. ಅಲ್ಲಿ ಬಾವಿಯಿಲ್ಲ, ಫಲಜೇ ಬಾವಿ. ನೀರು ಹೊರಗೆ ಬೀಳುವ ಜಾಗ ಕುಡಿಯುವವರದ್ದು. ಅದರ ಕೆಳಗೆ ಮೀಯುವವರು, ಅದರ ಕೆಳಗೆ ಬಟ್ಟೆ ಪಾತ್ರೆ, ಕೊನೆಗೆ ಮರಗಳ ಬುಡ. ಇದು ನನಗೆ ತಿಳಿದದ್ದು ಆಮೇಲೆ. ನಾನು ಆ ಕಲ್ಲಿನ ಬಾಯಿಗೇ ಬಗ್ಗಿ ಎಲ್ಲ ಉಗುಳಿದೆ. ಕೆಂಪು ನೀರು ಹರಿದು ತಿರುವಿನಲ್ಲಿ ಮರೆಯಾಯಿತು. ಹೋಯಿತಲ್ಲ ಎಂದು ಸೆರಗಿನಲ್ಲಿ ತುಟಿ ಒರೆಸಿ ತಿರುಗಿದೆ.

ಎರಡು ಹೆಜ್ಜೆ ಹಾಕಿ ಯಾಕೋ ಹಿಂದೆ ನೋಡಿದೆ. ಕಲ್ಲಿನ ಬಾಯಿಯ ಎದುರಿಗೆ ಅಂಗೈಯಷ್ಟು ಕೆಂಪು ನಿಂತಿತ್ತು.

ನಿಂತಿತ್ತು ಎಂದೇ ಬರೆಯುತ್ತೇನೆ, ಬೇರೆ ಮಾತು ನನಗೆ ಗೊತ್ತಿಲ್ಲ. ನೀರು ಓಡುತ್ತಿತ್ತು. ಒಂದು ಒಣ ಎಲೆ ಆ ಕೆಂಪಿನ ಮೇಲೆಯೇ ಹಾದು ಮುಂದೆ ಹೋಯಿತು. ಕೆಂಪು ಮಾತ್ರ ಕದಲಲಿಲ್ಲ. ಕೈ ಹಾಕಿ ಕಲಕಿದೆ. ಒಡೆದು ಎಳೆ ಎಳೆಯಾಗಿ ಕೆಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆ ಎಳೆಗಳೇ ಹರಿವಿಗೆ ಎದುರಾಗಿ ಮೇಲೆ ಬಂದು ಅಲ್ಲೇ ಕೂಡಿಕೊಂಡವು. ಮೂರು ಸಲ ಕಲಕಿದೆ, ಮೂರು ಸಲವೂ ಹಾಗೇ ಆಯಿತು. ಅಡಿಯಲ್ಲಿ ಕೆಂಪು ಕಲ್ಲಿರಬೇಕು ಎಂದು ಬೆರಳು ಇಳಿಸಿ ತಡಕಿದೆ. ಬಿಳಿಯ ಮರಳು.

ಅಷ್ಟರಲ್ಲಿ ಹಿಂದಿನಿಂದ ಶ್ವೇತಾ, "ಅಜ್ಜೀ, ಬ್ಲಡ್! ಲುಕ್, ಬ್ಲಡ್!" ಎಂದು ಕಿರುಚಿದಳು. ಮಗು ಸುಳ್ಳು ಹೇಳುವುದಿಲ್ಲ. ಹಾಗಾಗಿ ನನ್ನ ಕಣ್ಣಿನ ದೋಷ ಎಂದು ಬಿಟ್ಟುಬಿಡಲಿಕ್ಕೂ ಇಲ್ಲ.

ಕೂಗು ಕೇಳಿ ಎಲ್ಲರೂ ಬಂದರು. ನೀರಿಗೆ ಬಂದ ಹೆಂಗಸರು ತುಂಬಿದ ಪಾತ್ರೆಗಳನ್ನು ನೆಲಕ್ಕೆ ಚೆಲ್ಲಿದರು. ಮುದುಕಿಯ ಮಗ ನೀರನ್ನು ನೋಡಿದ, ಬಂಗಾಳಿಯನ್ನು ನೋಡಿದ. ಬೆಳಿಗ್ಗೆ ಆಡು ಕಡಿದವನು ಅವನೇ ತಾನೆ. ಕತ್ತಿಯನ್ನೋ ಕರುಳನ್ನೋ ಕುಡಿಯುವ ನೀರಿನಲ್ಲಿ ತೊಳೆದಿದ್ದಾನೆ ಎಂದು ಕೂಗಾಡತೊಡಗಿದ. ಬಂಗಾಳಿ ಎರಡೂ ಕೈ ಮುಂದೆ ಚಾಚಿ, "ಮೈನೆ ನಹೀ ಕಿಯಾ, ಅರಬಾಬ್, ಅಲ್ಲಾಹ್ ಕಸಮ್!" ಎಂದು, ತಾನು ಮಾಡಿಲ್ಲವೆಂದು ಧಣಿಗೆ ಆಣೆ ಇಡುತ್ತಿದ್ದ. ಆಡನ್ನು ತೋಟದ ಕೊನೆಯಲ್ಲಿ ತೊಳೆದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದ. ಕೇಳುವವರು ಯಾರು? "ಖಲಾಸ್!" ಎಂದ ಮುದುಕಿಯ ಮಗ.

"ಎಂತ ಹೇಳಿದ?" ಎಂದು ಹಮೀದರನ್ನು ಕೇಳಿದೆ, ಸೆರಗನ್ನು ಬಾಯಿಗೆ ಒತ್ತಿಕೊಂಡೇ.

"ನಾಳೆ ಬೆಳಿಗ್ಗೆ ಪಿಕಪ್ಪಿನಲ್ಲಿ ಕಳಿಸ್ತಾನಂತೆ ಅಕ್ಕಾ. ಇವನೇ ಅವನ ಕಫೀಲ್, ವೀಸಾ ಕೊಟ್ಟ ಧಣಿ. ಇವನು ಬೇಡ ಅಂದ್ರೆ ಮುಗೀತು, ಸೀದಾ ಊರಿಗೆ. ಪಾಪ, ಮೂರು ಹೆಣ್ಣುಮಕ್ಕಳಂತೆ."

ಆಗ ಬಂಗಾಳಿ ನನ್ನ ಕಡೆ ನೋಡಿದ. ಸೆರಗಿನ ಅಂಚಿನಲ್ಲಿ ಕೆಂಪು ಹತ್ತಿತ್ತು. ಅವರ ಊರಿನಲ್ಲೂ ಎಲೆಯಡಿಕೆ ತಿನ್ನುತ್ತಾರೆ. ಅವನಿಗೆ ಆ ಕ್ಷಣವೇ ಗೊತ್ತಾಯಿತು. ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಕಣ್ಣು ಕೆಳಗೆ ಹಾಕಿ ಸುಮ್ಮನಾದ. ಅಷ್ಟು ಹೊತ್ತು ಆಣೆ ಇಡುತ್ತಿದ್ದವನು ನನ್ನನ್ನು ನೋಡಿದ ಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಬಾಯಿಗೆ ನಾನು ಯಾರಿಗೂ ಕಮ್ಮಿಯಲ್ಲ. ಸುಮ್ಮನಿದ್ದವನ ಎದುರು ಏನು ಮಾಡುವುದು?

ನಾನೂ ಸುಮ್ಮನಿದ್ದೆ. ಅಳಿಯನ ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನದೇ ಮರ್ಯಾದೆ.

ಕತ್ತಲಾಗುವ ಮೊದಲು ನೆವ ಹೇಳಿ ಎರಡು ಸಲ ಹೋಗಿ ನೋಡಿ ಬಂದೆ. ಕೆಂಪು ಅಲ್ಲೇ ಇತ್ತು. ಹಮೀದ್ ಗಾಡಿಯಲ್ಲಿದ್ದ ನಮ್ಮ ನೀರಿನ ಕ್ಯಾನನ್ನು ಮನೆಯವರಿಗೆ ಕೊಟ್ಟರು. ಮುದುಕಿ ಅದರಲ್ಲಿ ಮೊದಲ ಲೋಟವನ್ನು ತುಂಬಿ ನನಗೇ ತಂದಳು, ದೂರದಿಂದ ಬಂದವಳು ಎಂದು. ಕುಡಿದೆ.

ಆ ಕೆಂಪು ಏನು ಎಂದು ಆಮೇಲೆ ಎಷ್ಟೋ ಮಂದಿಯನ್ನು ಕೇಳಿದ್ದೇನೆ. ಓದಿದವರು ಸುಳಿ ಎಂದರು. ಒಂದು ಅಡಿ ಆಳವಿಲ್ಲದ ಕಾಲುವೆಯಲ್ಲಿ ಎಲೆಯನ್ನು ಬಿಟ್ಟು ಉಗುಳನ್ನು ಮಾತ್ರ ಹಿಡಿಯುವ ಸುಳಿ ಎಂಥದು? ಹಮೀದ್, "ಆ ಬೆಟ್ಟದ ನೀರಿಗೆ ಕಾವಲುಂಟು ಅಕ್ಕಾ" ಎಂದು ಬಿಟ್ಟರು. ಅದನ್ನೂ ನಾನು ಒಪ್ಪಲಾರೆ. ಕಾವಲಿನವರಿಗೆ ಉಗುಳಿದವಳು ಯಾರೆಂದು ಗೊತ್ತಿರಬೇಕಿತ್ತಲ್ಲ, ಬಡಪಾಯಿಯನ್ನು ಯಾಕೆ ಸಿಕ್ಕಿಸಬೇಕು? ನನಗೆ ತಿಳಿಯದು. ತಿಳಿಯದೆಯೇ ಸಾಯುತ್ತೇನೆ.

ರಾತ್ರಿ ಅಲ್ಲೇ ಉಳಿದಿದ್ದೆವು. ಮರುದಿನ ಬೆಳಿಗ್ಗೆ ಬೆಳಕು ಹರಿಯುವಾಗ ಎದ್ದು ಮೊದಲು ಫಲಜಿಗೆ ಹೋದೆ. ನೀರು ಗಾಜಿನ ಹಾಗಿತ್ತು, ಕೆಂಪಿನ ಗುರುತೂ ಇರಲಿಲ್ಲ. ಈಗ ಬಾಯಿ ಬಿಡದಿದ್ದರೂ ನಡೆಯುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಅದನ್ನೂ ಮುಚ್ಚಿಡುವುದಿಲ್ಲ.

ಅಂಗಳಕ್ಕೆ ಬಂದಾಗ ಪಿಕಪ್ಪು ಸ್ಟಾರ್ಟ್ ಆಗಿತ್ತು. ಹಿಂದೆ ಬಂಗಾಳಿಯ ಗಂಟು. ಅವನು ಪಕ್ಕದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ನಾನು ಹಪ್ಪಳದ ಡಬ್ಬಿಯನ್ನು ತಂದು ಎಲ್ಲರೆದುರು ಮಗುಚಿದೆ. "ಮಾಮೀ, ಎಂತ ಮಾಡ್ತಿದ್ದೀರಿ!" ಎಂದು ಅಳಿಯ ಓಡಿ ಬಂದ. "ನೀನು ಆಚೆ ನಿಲ್ಲು" ಎಂದೆ. ಅವರ ಭಾಷೆ ನನಗೆ ಬಾರದು, ಹಮೀದ್ ಇನ್ನೂ ನಮಾಜಿನಲ್ಲಿದ್ದರು. ಬಾಡಿದ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹಾಕಿ ಬಾಯಿಗಿಟ್ಟು, ಮುದುಕಿಯ ಮಗನ ಎದುರಿಗೆ ನಿಂತು ಅಗಿದೆ. ಬಾಯಿ ಕೆಂಪಾಗುವವರೆಗೂ ಅಗಿದೆ. ಆಮೇಲೆ ನನ್ನ ಅಂಗೈಗೇ ಉಗುಳಿ ಆ ಕೈಯನ್ನು ಅವನ ಮುಖದ ಎದುರು ಹಿಡಿದೆ. ಇನ್ನೊಂದು ಕೈಯಿಂದ ಫಲಜನ್ನು ತೋರಿಸಿದೆ, ನನ್ನ ಎದೆಯನ್ನು ತೋರಿಸಿದೆ.

ಮುದುಕಿ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಕೈಯನ್ನು ನನ್ನ ಸೀರೆಗೇ ಒರೆಸಿಕೊಂಡು, ಪಿಕಪ್ಪಿನ ಹಿಂದೆ ಹೋಗಿ, ಬಂಗಾಳಿಯ ಗಂಟನ್ನು ಎಳೆದು ಕೆಳಗಿಳಿಸಿದೆ.