ಅಕ್ಕನ ಮಾದರಿ ಪಾಠ

ಶಾಲಾ ಮುಖ್ಯಸ್ಥರ ತರಬೇತಿ ಎಂದರೆ ಏನೆಂದು ಗೊತ್ತಿಲ್ಲದವರು ಪುಣ್ಯವಂತರು. ಬೆಳಿಗ್ಗೆ ಸಹಿ, ಆಮೇಲೆ ಚಹಾ, ಆಮೇಲೆ ಪರದೆಯ ಮೇಲೆ ಇರುವುದನ್ನೇ ಯಾರೋ ಓದಿ ಹೇಳುವುದು, ಮತ್ತೆ ಚಹಾ. ನಮ್ಮ ಹೆಡ್‌ಮೇಡಂ ಅಂಥ ಎಷ್ಟೋ ತರಬೇತಿಗಳಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿ ಬಂದವಳು. ಆದರೆ ಆ ವರ್ಷ ಕಲಿಸಲು ಬಂದ ಹೆಂಗಸು ತಾನೂ ಒಂದು ಕಾಲಕ್ಕೆ ಶಾಲೆ ನಡೆಸಿದವಳು. ಮೊದಲ ದಿನವೇ ಎಲ್ಲರ ಚಳಿ ಬಿಡಿಸಿದಳು.

“ನೀವ್ಯಾರೂ ಶಾಲೆ ನಡೆಸ್ತಿಲ್ಲ, ಕಟ್ಟಡ ನೋಡ್ಕೋತಿದೀರ ಅಷ್ಟೇ. ನಲ್ಲಿ ಕೆಟ್ರೆ ಓಡ್ತೀರ. ಪಾಠ ಕೆಟ್ರೆ ನಿಮಗೆ ಗೊತ್ತೂ ಆಗಲ್ಲ.”

ಆಕೆ ಹೇಳಿಕೊಟ್ಟ ಪದ್ಧತಿ ಸರಳವಾಗಿತ್ತು. ಮುಖ್ಯಸ್ಥರು ದಿನಾ ಯಾವುದಾದರೂ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ತುಟಿ ಪಿಟಕ್ಕೆನ್ನಬಾರದು. ಟೀಚರನ್ನು ನೋಡಲೇಬಾರದು. ಟೀಚರನ್ನು ನೋಡುತ್ತ ಕೂತರೆ ಪಾಠ ಪರೀಕ್ಷೆಯಾಗಿಬಿಡುತ್ತದೆ. ಕಣ್ಣೆಲ್ಲ ಮಕ್ಕಳ ಮೇಲೇ ಇರಬೇಕು: ಯಾರು ಮಾತಾಡುತ್ತಿದ್ದಾರೆ, ಯಾರು ಯಾರಿಗೆ ಹೇಳಿಕೊಡುತ್ತಿದ್ದಾರೆ, ಯಾರ ಮನಸ್ಸು ಕಿಟಕಿಯಾಚೆ ಇದೆ. ಟೀಚರ್ ಕಡಿಮೆ ಮಾತಾಡಿ ಮಕ್ಕಳು ಹೆಚ್ಚು ಮಾತಾಡಿದರೆ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ಲೆಕ್ಕ. ಹೆಡ್‌ಮೇಡಂಗೆ ಇದು ಮನಸ್ಸಿಗೆ ಹಿಡಿಸಿತು. ಹಿಡಿಸಿದ್ದನ್ನು ಅಕ್ಷರ ತಪ್ಪದೆ ಪಾಲಿಸುವುದು ಅವಳ ಹುಟ್ಟುಗುಣ.

ಹೆಡ್‌ಮೇಡಂ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವಳು ಅವಳ ಸ್ವಂತ ಅಕ್ಕ. ಅಮ್ಮ ತೀರಿಕೊಂಡಾಗ ತಂಗಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಜಡೆ ಹಾಕಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಓದಿಸಿ ಕೆಲಸಕ್ಕೆ ಸೇರಿಸಿದ್ದು, ಮದುವೆ ಮಾಡಿದ್ದು ಎಲ್ಲ ಅಕ್ಕನೇ. ತಾನು ಮಾತ್ರ ಒಂಟಿಯಾಗಿ ಶಾಲೆಯ ಹಿಂದಿನ ಬೀದಿಯ ಎರಡು ಕೋಣೆಗಳ ಮನೆಯಲ್ಲಿ ಉಳಿದಳು. ಮುಖ್ಯಸ್ಥೆಯ ಹುದ್ದೆ ಮೊದಲು ಬಂದದ್ದೂ ಅಕ್ಕನಿಗೇ. “ಚಾಕ್‌ಪೀಸ್ ಬಿಟ್ಟು ಕುರ್ಚಿ ಹಿಡಿಯೋಕೆ ನಂಗೇನು ಕಾಲು ಬಿದ್ದುಹೋಗಿದೆಯಾ?” ಎಂದು ಬೇಡವೆಂದಳು. ಕುರ್ಚಿ ತಂಗಿಗೆ ಸಿಕ್ಕಿತು. ಅಕ್ಕ ಅವಳನ್ನು ಎಲ್ಲರೆದುರು “ಮೇಡಂ” ಎಂದು ರಾಗವಾಗಿ ಕರೆದು ಕಾಡಿಸುವಳು, ಬಾಗಿಲು ಹಾಕಿದರೆ ಅದೇ “ಪುಟ್ಟಿ.”

ಅಕ್ಕನ ತರಗತಿಯಲ್ಲಿ ಕೂತ ಮೊದಲ ದಿನ ಹೆಡ್‌ಮೇಡಂ ಬೆರಗಾದಳು. ಅಕ್ಕ ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಬರೆದು ಅರ್ಧದಲ್ಲಿ ನಿಲ್ಲಿಸಿದಳು. “ಈಗ ಏನು ಮಾಡೋಣ?” ಎಂದು ಕೇಳಿದಳು. ತರಗತಿ ತುಂಬ ಕೈಗಳು ಎದ್ದವು. ಎರಡು ಜಡೆಯ ಹುಡುಗಿ ಹೋಗಿ ಲೆಕ್ಕ ಮುಗಿಸಿದಳು. “ಇವಳು ಮಾಡಿದ್ದು ಸರೀನಾ?” ಎಂದು ಅಕ್ಕ ಇನ್ನೊಬ್ಬಳನ್ನು ಕೇಳಿದಳು. ಅವಳು ವಿವರಿಸಿದಳು. ಮೊದಲೆಲ್ಲ ಇದೇ ಅಕ್ಕ ಉಸಿರುಬಿಡದೆ ಪಾಠ ಹೇಳುತ್ತಿದ್ದಳು, ಮಕ್ಕಳು ಗೊಂಬೆಗಳಂತೆ ಕೂತಿರುತ್ತಿದ್ದರು. ಈ ವಯಸ್ಸಿನಲ್ಲಿ ಹೊಸ ರೀತಿ ಕಲಿತಳಲ್ಲ ಎಂದು ತಂಗಿಯ ಎದೆ ತುಂಬಿ ಬಂತು. ಆಮೇಲೆ ಅವಳು ಬೇರೆ ತರಗತಿಗಳನ್ನು ತಪ್ಪಿಸಿಯಾದರೂ ಅಲ್ಲಿಗೆ ಹೋಗುತ್ತಿದ್ದಳು. ಹೋದಷ್ಟೂ ಅಕ್ಕನ ಮಾತು ಕಡಿಮೆಯಾಗುತ್ತ, ಮಕ್ಕಳ ಮಾತು ಹೆಚ್ಚಾಗುತ್ತ ಬಂತು. ಹೊರಗೆ ಬಂದು ಹೊಗಳಿದರೆ ಅಕ್ಕ ಅವಳ ಕೈ ಒತ್ತಿ, “ನೀನು ಬಂದು ಕೂತ್ರೆ ನಂಗೆ ಧೈರ್ಯ ಕಣೇ” ಎನ್ನುವಳು.

ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಡ್‌ಮೇಡಂ ಇದನ್ನು ಜಿಲ್ಲೆಯ ಸಭೆಯಲ್ಲಿ ಹೇಳಿಬಿಟ್ಟಳು. ಉಳಿದ ಶಾಲೆಗಳಿಗೆ ತೋರಿಸಲು ಜಿಲ್ಲಾ ಅಧಿಕಾರಿಗೆ ಒಂದು ಮಾದರಿ ಪಾಠ ಬೇಕಾಗಿತ್ತು. ಎಲ್ಲ ಶಾಲೆಗಳ ಮುಖ್ಯಸ್ಥರನ್ನೂ ಕರೆದುಕೊಂಡು ಬರುತ್ತೇನೆಂದರು.

“ಬೇಡ ಪುಟ್ಟಿ,” ಅಂದಳು ಅಕ್ಕ. “ಹೊರಗಿನವರ ಮುಂದೆ ಬೇಡ.”

“ನಿಂದು ಯಾವಾಗ್ಲೂ ಇದೇ ಗೋಳು. ಹುದ್ದೆ ಬಂದ್ರೂ ಬೇಡ, ಹೆಸರು ಬಂದ್ರೂ ಬೇಡ.”

“ನೀನು ಇರ್ತೀಯ ತಾನೇ?”

“ನಾನಿಲ್ದೆ ಇನ್ಯಾರು ಇರ್ತಾರೆ ಅಕ್ಕಾ?”

ಆ ದಿನ ಹಿಂದಿನ ಬೆಂಚುಗಳಲ್ಲಿ ಅಧಿಕಾರಿ, ತರಬೇತಿಯ ಹೆಂಗಸು, ಬೇರೆ ಶಾಲೆಗಳ ಮುಖ್ಯಸ್ಥರು ಮೊಣಕಾಲು ಮಡಿಸಿಕೊಂಡು ಕೂತರು. ಹೆಡ್‌ಮೇಡಂಗೆ ಜಾಗ ಉಳಿಯಲಿಲ್ಲ. ಬೋರ್ಡಿನ ಪಕ್ಕದಲ್ಲಿ, ಬಾಗಿಲಿಗೆ ಒರಗಿ ನಿಂತಳು. ಪಾಠದ ಹೊತ್ತಿನಲ್ಲಿ ಅಕ್ಕನ ಮುಖ ಅವಳಿಗೆ ಹತ್ತಿರದಿಂದ ಕಂಡದ್ದು ಅವತ್ತೇ ಮೊದಲು.

ಅಕ್ಕ ಲೆಕ್ಕ ಬರೆದಳು. ಅರ್ಧಕ್ಕೆ ಕೈ ನಿಂತಿತು. ಮುಖ ಬೆಳ್ಳಗಾಯಿತು. ತುಟಿ ಏನನ್ನೋ ಹುಡುಕಿತು, ಸಿಗಲಿಲ್ಲ. ಆಮೇಲೆ ಮಕ್ಕಳ ಕಡೆ ತಿರುಗಿ ಹಳೆಯ ನಗೆ ತಂದುಕೊಂಡು “ಈಗ ಏನು ಮಾಡೋಣ?” ಎಂದಳು. ಎರಡು ಜಡೆಯ ಹುಡುಗಿ ಆಗಲೇ ಎದ್ದಾಗಿತ್ತು. ಕೈ ನಿಂತರೆ ಯಾರು ಏಳಬೇಕು, ಹೆಸರು ಮರೆತರೆ ಯಾರು ಪಿಸುಗುಡಬೇಕು ಎಂದು ಮಕ್ಕಳು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. “ಇವಳು ಮಾಡಿದ್ದು ಸರೀನಾ?” ಎಂದು ಕೇಳಿದ ಅಕ್ಕನ ಕಣ್ಣಿನಲ್ಲಿ ಪರೀಕ್ಷೆ ಇರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಗ್ಗಿಯನ್ನು ಹಿಂದುಮುಂದಾಗಿ ಹೇಳಿಸುತ್ತಿದ್ದ ಅಕ್ಕನಿಗೆ ಒಂದು ಭಿನ್ನರಾಶಿ ಗೊತ್ತಿರಲಿಲ್ಲ. ಹೆಡ್‌ಮೇಡಂ ಬಾಗಿಲು ಹಿಡಿದುಕೊಂಡಳು.

ಪಾಠ ಮುಗಿದ ಮೇಲೆ ಚರ್ಚೆ. ಅಧಿಕಾರಿ ಉಬ್ಬಿಹೋಗಿದ್ದರು. “ಗೊತ್ತಿಲ್ಲದವರ ಥರ ಎಷ್ಟು ಚೆನ್ನಾಗಿ ನಟಿಸ್ತೀರಮ್ಮಾ! ಎಲ್ಲಿ ಕಲಿತಿರಿ ಇದನ್ನ?”

“ನಟನೆ ಏನಿಲ್ಲ ಸರ್,” ಅಂದಳು ಅಕ್ಕ. “ಗೊತ್ತಾಗ್ಲಿಲ್ಲ, ಕೇಳ್ದೆ.”

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ವಿನಯ ಅಂದರೆ ಇದು ಎಂದರು. ಕಲಿತವರ ಕೋಣೆಯಲ್ಲಿ ಒಬ್ಬರಿಗೂ ಆ ಮಾತನ್ನು ಮಾತಾಗಿ ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ. ಜಿಲ್ಲೆಯ ಶಾಲೆಗಳಿಗೆಲ್ಲ ಹೋಗಿ ಈ ಪಾಠ ಮಾಡಿ ತೋರಿಸಬೇಕು ಎಂದು ಹೇಳಿ ಅಧಿಕಾರಿ ಗಾಡಿ ಹತ್ತಿದರು.

ಖಾಲಿ ತರಗತಿಯಲ್ಲಿ ಅಕ್ಕ ಬೋರ್ಡು ಒರೆಸುತ್ತಿದ್ದಳು. ಹೆಡ್‌ಮೇಡಂ ಬಾಗಿಲು ಮುಂದೆ ಮಾಡಿದಳು.

“ಯಾವಾಗಿಂದ ಅಕ್ಕಾ?”

“ಈ ವರ್ಷ ಬೇಸಿಗೆ ರಜಾ ಮುಗಿದಾಗಿಂದ,” ಅಂದಳು ಅಕ್ಕ ಒರೆಸುತ್ತಲೇ. “ಮೊದಮೊದಲು ತುಂಬ ಹೆದರಿಕೆ ಆಯ್ತು. ಕೆಲಸ ಬಿಟ್ಟುಬಿಡೋಣ ಅಂತಿದ್ದೆ. ಅಷ್ಟ್ರಲ್ಲಿ ನೀನು ಬಂದು ಹಿಂದೆ ಕೂರೋಕೆ ಶುರು ಮಾಡ್ದೆ. ನನ್ನ ಮುಖ ನೋಡ್ತಿರ್ಲಿಲ್ಲ ನೀನು. ನಂಗೆ ನಾಚಿಕೆ ಆಗ್ಬಾರ್ದು ಅಂತ ಬೇಕಂತ್ಲೇ ನೋಡ್ತಿಲ್ಲ ಅಂದ್ಕೊಂಡೆ. ನನ್ನ ಪುಟ್ಟಿಗೆ ಎಲ್ಲಾ ಗೊತ್ತಾಗಿದೆ, ಕಾಯ್ತಾ ಕೂತಿದಾಳೆ ಅಂತ ಧೈರ್ಯ ಬಂತು. ಗೊತ್ತಿತ್ತು ತಾನೇ ನಿಂಗೆ?”

ಹೆಡ್‌ಮೇಡಂಗೆ ಏನೂ ಗೊತ್ತಿರಲಿಲ್ಲ. ಇಲ್ಲ ಅನ್ನಲು ಬಾಯಿ ಬರಲಿಲ್ಲ.

“ಗೊತ್ತಿತ್ತು ಅಕ್ಕಾ.”

“ಅದೇ ಮತ್ತೆ.” ಅಕ್ಕನ ಮುಖ ಅರಳಿತು. ಚಾಕಿನ ಪುಡಿ ಸೆರಗಿಗೆ ಒರೆಸಿಕೊಂಡು ಕೈಚೀಲ ಎತ್ತಿಕೊಂಡಳು. “ಹಾಗಾದ್ರೆ ನಾಳೆ ದಶಮಾಂಶ ಶುರು ಮಾಡ್ತೀನಿ. ಬೇಗ ಬಾ.”

ಇನ್ನು ಪಾಠ ಸಾಕೆಂದು ಹೇಳಬೇಕಾದವಳು ತಂಗಿಯಲ್ಲ, ಶಾಲೆಯ ಮುಖ್ಯಸ್ಥೆ. ಇಬ್ಬರೂ ಅಲ್ಲೇ ನಿಂತಿದ್ದರು, ಒಂದೇ ಮೈಯಲ್ಲಿ. ಮಕ್ಕಳು ಇನ್ನೆಷ್ಟು ದಿನ ಟೀಚರನ್ನು ಹೊತ್ತುಕೊಂಡು ಓದಬೇಕು?

“ನಾಳೆ ಬೇಡ ಅಕ್ಕಾ,” ಅಂದಳು. “ಇನ್ಮೇಲೆ ಬೇಡ.”

ಅಕ್ಕ ಬಾಗಿಲ ಹತ್ತಿರ ನಿಂತಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಲೆಕ್ಕ ಬಿಡಿಸಲಾಗದ ಮಗುವಿನ ಹಾಗೆ ತಂಗಿಯ ಮುಖವನ್ನೇ ನೋಡಿದಳು.

“ಗೊತ್ತಿದ್ದೂ ಇಷ್ಟು ದಿನ ನನ್ನ ಜೊತೆಗಿದ್ದೋಳು, ಇವತ್ಯಾಕೆ ಹೀಗಂತೀಯ ಪುಟ್ಟಿ? ನಾನು ಇವತ್ತು ಏನು ತಪ್ಪು ಮಾಡ್ದೆ?”