ದೇವರ ಕೋಣೆಯಲ್ಲಿ ಮೀನಿನ ಪೆಟ್ಟಿಗೆ

ಈ ಬೇಸಿಗೆಯಲ್ಲಿ ನಮ್ಮ ಮನೆಯ ದೇವರ ಕೋಣೆಗೆ ಬಂದವರೆಲ್ಲ ದೇವರಿಗೆ ಬೆನ್ನು ಹಾಕಿ ಕೈಮುಗಿದರು.

ಅವರು ಕೈಮುಗಿದದ್ದು ಮೂಲೆಯಲ್ಲಿದ್ದ ಥರ್ಮೋಕೋಲ್ ಪೆಟ್ಟಿಗೆಗೆ. ಮೊನ್ನೆ ಮೊನ್ನೆಯವರೆಗೆ ಅದರಲ್ಲಿ ಬಂಗುಡೆ ಮೀನು ಇತ್ತು. ಈಗ ಹಾವಿನ ಮೊಟ್ಟೆಗಳಿದ್ದವು.

ತಂದವನು ನನ್ನ ಮೈದುನ ಗಣಪತಿ. ಕುಮಟೆಯಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ಯಾರ ಮನೆಗಾದರೂ ಹಾವು ಬಂತೆಂದರೆ ಕೆಲಸ ಅರ್ಧಕ್ಕೆ ಬಿಟ್ಟು ಓಡುತ್ತಾನೆ. (ಅವನಿಗೆ ವೈರಿಂಗಿಗಿಂತ ಹಾವು ಹಿಡಿಯುವುದರಲ್ಲೇ ಆಸಕ್ತಿ ಜಾಸ್ತಿ. ನಮ್ಮ ಮನೆಯ ಸ್ವಿಚ್ ಬೋರ್ಡ್ ನೋಡಿದರೆ ನೀವೂ ಒಪ್ಪುತ್ತೀರಿ.) ಕಾಗಾಲದಲ್ಲಿ ಯಾರೋ ಕಾಂಪೌಂಡ್ ಕಟ್ಟಲು ಜೆಸಿಬಿ ಕರೆಸಿ ಹಳೆಯ ಗೊಬ್ಬರಗುಂಡಿ ಕೆದಕಿಸಿದ್ದರು. ಮೊಟ್ಟೆ ಸಿಕ್ಕವು, ತಾಯಿ ಸಿಗಲಿಲ್ಲ. "ನಾಗಪ್ಪನ ಮೊಟ್ಟೆ" ಎಂದು ಮನೆಯವರು ಹೆದರಿ ಇವನಿಗೆ ಫೋನ್ ಮಾಡಿದರು. ಗುಂಡಿಯೇ ಇಲ್ಲವಾದ ಮೇಲೆ ಮೊಟ್ಟೆಗಳನ್ನು ಎಲ್ಲಿ ಬಿಡುವುದು? ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು, ಮೀನಿನ ಪೆಟ್ಟಿಗೆಯಲ್ಲಿ ಒದ್ದೆ ತೆಂಗಿನನಾರಿನ ಪುಡಿ ಹರವಿ, ಮೊಟ್ಟೆಗಳನ್ನು ಅದರಲ್ಲಿ ಕೂರಿಸಿಕೊಂಡು ಬಂದ.

ಬಂದದ್ದು ಅವನ ಮನೆಗಲ್ಲ, ನಮ್ಮ ಮನೆಗೆ.

"ನಮ್ಮನೆ ಮೇಲೆ ತಗಡಿನ ಶೀಟು, ಅತ್ತಿಗೆ. ಮಧ್ಯಾಹ್ನ ಆದ್ರೆ ಮೊಟ್ಟೆ ಬೆಂದೇ ಹೋಗ್ತದೆ."

ಇನ್‌ಕ್ಯುಬೇಟರ್ ಎಂದರೆ ಬಲ್ಬ್ ಉರಿಸಿ ಬೆಚ್ಚಗಿಡುವ ಡಬ್ಬಿ ಎಂದೇ ನಾನು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ನಮ್ಮ ಕರಾವಳಿಯ ಮೇ ತಿಂಗಳಲ್ಲಿ ಬಲ್ಬ್ ಯಾರಿಗೆ ಬೇಕು? ತಂಪು ಮಾಡುವುದೇ ದೊಡ್ಡ ಕೆಲಸ. ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು, ಹೆಚ್ಚಾದರೆ ಒಳಗಿನ ಮರಿ ಸಾಯುತ್ತದೆ ಎಂದ ಗಣಪತಿ. ಮೊಟ್ಟೆಗಳನ್ನು ಹೊರಳಿಸುವಂತೆಯೂ ಇಲ್ಲ. ಮೇಲ್ಭಾಗ ಯಾವುದೆಂದು ಗೊತ್ತಾಗಲು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಬೊಟ್ಟಿಟ್ಟಿದ್ದ.

ಥರ್ಮಾಮೀಟರ್ ಹಿಡಿದು ಮನೆಯೆಲ್ಲ ಸುತ್ತಿದೆವು. ಅಡುಗೆಮನೆ ಕೇಳುವುದೇ ಬೇಡ. ಚಾವಡಿಯೂ ಬಿಸಿ. ಮಂಚದ ಕೆಳಗೂ ಬಿಸಿ. ಕೊನೆಗೆ ಮನೆಯಲ್ಲೇ ತಂಪಾದ ಜಾಗ ಎಂದು ಸಿಕ್ಕಿದ್ದು ದೇವರ ಕೋಣೆ. ಕಿಟಕಿಯಿಲ್ಲ, ಮಣ್ಣಿನ ದಪ್ಪ ಗೋಡೆ, ಹಿಂದೆಯೇ ಬಾವಿ.

ಈಗ ಅತ್ತೆಯನ್ನು ಒಪ್ಪಿಸಬೇಕು. ನಾಗಪ್ಪನ ಮೊಟ್ಟೆ ಎಂದು ಗಣಪತಿ ಹೇಳಿದಾಗ ಅವರು ಹುಬ್ಬೂ ಏರಿಸಲಿಲ್ಲ. ಪೆಟ್ಟಿಗೆಯ ಹತ್ತಿರ ಮೂಗು ತಂದರು ನೋಡಿ!

"ಬಂಗ್ಡೆ ಪೆಟ್ಗೆ! ದೇವ್ರ ಕೋಣೆ ಒಳಗೆ ಎಂತ ತರ್ತೆ ನೀನು?"

"ಸೋಪು ಹಾಕಿ ತೊಳದು ಬಿಸಿಲಿಗಿಟ್ಟಿದ್ದೆ ಅವ್ವಾ."

"ನಿನ್ನ ಸೋಪು ನಿನ್ನ ತಲೆಗೆ ಹಾಕ್ಕೊ."

ಬೆಳಿಗ್ಗೆಯಷ್ಟೇ ಬಂಗುಡೆಯನ್ನು ಹೆಚ್ಚಿ, ಹುಳಿ ಮಾಡಿ, ನಮಗೆಲ್ಲ ಬಡಿಸಿದವರು ಅವರೇ. ಆದರೆ ಅಡುಗೆಮನೆ ಬೇರೆ, ದೇವರ ಕೋಣೆ ಬೇರೆ. ಕೊನೆಗೆ ಪೆಟ್ಟಿಗೆಯ ಹೊರಮೈಗೆ ಅರಿಶಿನದ ನೀರು ಚಿಮುಕಿಸಿ, ಕೆಳಗೊಂದು ಮಣೆ ಹಾಕಿ, "ಆತು, ಇಡು" ಎಂದರು.

ಸುದ್ದಿ ಕೇರಿಗೆಲ್ಲ ಹಬ್ಬಿತು. ಎದುರುಮನೆಯ ಗಿರಿಜಕ್ಕ ದಿನಾ ಬೆಳಿಗ್ಗೆ ಲೋಟ ಹಾಲು ತಂದರು. ಹಾಲು ಬಿದ್ದರೆ ಇರುವೆ ಮುತ್ತಿ ಎಲ್ಲ ಹಾಳಾಗುತ್ತದೆ ಎಂದು ಗಣಪತಿ ಕೈ ಅಡ್ಡ ಹಿಡಿದ. ಹಾಲು ಚೆಲ್ಲುವ ಮನಸ್ಸಾಗದೆ ನಾವು ಚಹಾ ಮಾಡಿಕೊಂಡೆವು. (ಗಿರಿಜಕ್ಕ ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ಇನ್ನೊಬ್ಬರು ಒಂದು ಚೀಲ ಐಸ್ ಹೊತ್ತು ತಂದು, "ಮೇಲಿಂದ ಸುರಿ, ಹಾಳಾಗ್ಲಿಕ್ಕಿಲ್ಲ" ಎಂದರು. ನಮ್ಮ ಜನಕ್ಕೆ ಐಸು ಸರ್ವರೋಗಕ್ಕೂ ಮದ್ದು.

"ಇದು ಬಂಗ್ಡೆ ಅಲ್ಲ ಮಾರಾಯ, ಜೀವ ಉಂಟು ಒಳಗೆ" ಎಂದು ಗಣಪತಿ ಅಡ್ಡ ನಿಂತ.

ಆ ಐಸನ್ನು ಪಾತ್ರೆಯಲ್ಲಿ ಹಾಕಿ ಪೆಟ್ಟಿಗೆಯ ಪಕ್ಕ ಇಟ್ಟೆವು. ಕೋಣೆಯ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದೆವು. ಆದರೂ ಸಂಜೆಯಾಗುತ್ತಿದ್ದಂತೆ ಥರ್ಮಾಮೀಟರಿನ ಮುಳ್ಳು ಮೂವತ್ತಮೂರರತ್ತ ಏರುತ್ತಿತ್ತು. ಹೊರಗೆ ಗಾಳಿ ತಣ್ಣಗಾಗುವ ಹೊತ್ತಿನಲ್ಲಿ ಒಳಗೆ ಬಿಸಿ ಯಾಕೆ?

ಕಾರಣ ನಮ್ಮ ಕಣ್ಣೆದುರೇ ಉರಿಯುತ್ತಿತ್ತು. ಅತ್ತೆಯ ದೀಪ.

ಅದರ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಗಂಡ ಹೊನ್ನಾವರದ ಬಂದರಿನ ಒಂದು ಬೋಟಿನಲ್ಲಿ ಡ್ರೈವರ್. ಕಡಲಿಗೆ ಹೋದರೆ ಬರುವುದು ಎಷ್ಟೋ ದಿನಕ್ಕೆ. ಅವರು ಹೊಸಿಲು ದಾಟಿದ ಕೂಡಲೇ ಅತ್ತೆ ದೇವರ ಕೋಣೆಯಲ್ಲಿ ದೊಡ್ಡ ದೀಪ ಹಚ್ಚುತ್ತಾರೆ. ಅವರು ತಿರುಗಿ ಬಂದು ಕಾಲು ತೊಳೆಯುವವರೆಗೆ ಅದು ಆರುವಂತಿಲ್ಲ. ಮಾವ ಕಡಲಿಗೆ ಹೋಗುತ್ತಿದ್ದ ಕಾಲದಿಂದ ನಡೆದು ಬಂದದ್ದು. ಸಂಜೆ ಅದಕ್ಕೆ ಎಣ್ಣೆ ತುಂಬಿಸಿ ಇನ್ನೆರಡು ಬತ್ತಿ ಸೇರಿಸುತ್ತಾರೆ. ಆ ಪುಟ್ಟ ಕೋಣೆಗೆ ಅಷ್ಟು ಸಾಕು.

ಗಣಪತಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಹೇಳುವವರು ಯಾರು? ಆ ದೀಪ ತೆಗೆಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಅದೂ ಬೋಟು ಭಟ್ಕಳದ ಆಚೆ ಎಲ್ಲೋ ಇದ್ದು, ಗಂಡನ ಫೋನು ರೇಂಜಿಗೇ ಸಿಗದಿದ್ದ ವಾರದಲ್ಲಿ! ನಿಜ ಹೇಳುತ್ತೇನೆ, ದೇವರು ದಿಂಡರೆಂದರೆ ಅಷ್ಟಕ್ಕಷ್ಟೇ ಆಗಿರುವ ನನಗೂ ಆ ದೀಪದ ಬಗ್ಗೆ ಭಯವಿದೆ.

"ಎಂತ ಗುಸುಗುಸು ನಿಮ್ದು?" ಅತ್ತೆಯೇ ಕೇಳಿದರು.

"ದೀಪದಿಂದ ಅವಕ್ಕೆ ಬಿಸಿ ಆಗ್ತಿದೆ ಅತ್ತೆ" ಎಂದೆ. ಅಷ್ಟೇ.

ಅವರು ಒಲೆಯತ್ತ ತಿರುಗಿದರು. ಅನ್ನ ಬಸಿದರು. ಕೈ ಒರೆಸಿಕೊಂಡರು. ಅಟ್ಟದಿಂದ ಹಳೆಯ ಕಂದೀಲು ಇಳಿಸಲು ಗಣಪತಿಗೆ ಹೇಳಿ, ತಾವೇ ಗಾಜು ಉಜ್ಜಿ, ಸೀಮೆಎಣ್ಣೆಯ ವಾಸನೆ ಹೋಗುವಂತೆ ತೊಳೆದರು. ಸೀಮೆಎಣ್ಣೆಯ ಕಂದೀಲು ದೇವರ ಕೋಣೆಗೆ ಬರುವಂತಿಲ್ಲ, ಅದಕ್ಕೆ ಜಗಲಿಯಲ್ಲೇ ಇಟ್ಟು ಅದರೊಳಗೆ ಒಂದು ಹಣತೆ ಕೂರಿಸಿದರು. ಆಮೇಲೆ ದೇವರ ದೀಪವನ್ನು ಸೆರಗಿನ ಮರೆಯಲ್ಲಿ ಹಿಡಿದು ಜಗಲಿಗೆ ಹೊರಟರು.

ಕಡಲಗಾಳಿ ಬೀಸುವ ಹೊತ್ತು. ನಾನು ಗಾಳಿಗೆ ಅಡ್ಡವಾಗಿ ಮೊರ ಹಿಡಿದೆ. ದೀಪ ಒಮ್ಮೆ ಪೂರ್ತಿ ಬಾಗಿ ನೀಲಿಯಾಯಿತು. ಅತ್ತೆ ಅಂಗೈ ಅಡ್ಡ ಹಿಡಿದರು. ಗಣಪತಿ ಕಣ್ಣು ಮುಚ್ಚಿಕೊಂಡಿದ್ದ. (ಕಾಳಿಂಗ ಹಿಡಿದ ವೀರ!) ಬತ್ತಿಗೆ ಬತ್ತಿ ತಾಗಿತು. ಹಣತೆ ಹತ್ತಿಕೊಂಡಿತು. ಅತ್ತೆ ಗಾಜು ಇಳಿಸಿದರು.

"ಆರ್ಬಾರ್ದು ಅಷ್ಟೇ. ಒಳಗೇ ಇರ್ಬೇಕು ಅಂತ ಯಾರ್ ಹೇಳ್ದವ್ರು?" ಎಂದರು. ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಆಮೇಲೆ ಊಟಕ್ಕೂ ಒಳಗೆ ಬರಲಿಲ್ಲ. ಜಗಲಿಯ ಸೆಕೆಯಲ್ಲಿ ಕಂದೀಲಿನ ಪಕ್ಕವೇ ಬೀಸಣಿಗೆ ಹಿಡಿದು ಕೂತರು. ಬೀಸಣಿಗೆಯನ್ನು ಬೀಸಿಕೊಳ್ಳಲೂ ಇಲ್ಲ, ಗಾಳಿ ದೀಪಕ್ಕೆ ತಾಗೀತು ಎಂದು.

ಮುಳ್ಳು ಇಳಿಯಿತು. ಕೆಲವು ದಿನ ಕಳೆದು ನನ್ನ ಗಂಡನೂ ಬಂದರು, ಜಗಲಿಯ ಕಂದೀಲು ನೋಡಿ "ಕರೆಂಟ್ ಹೋತಾ?" ಎಂದು ಕೇಳುತ್ತ. ಅತ್ತೆ ಕಾಲಿಗೆ ನೀರು ಕೊಟ್ಟರು. ಮುಂದಿನ ಸಲ ಬೋಟು ಹೋದಾಗ ದೀಪ ನೇರವಾಗಿ ಜಗಲಿಯಲ್ಲೇ ಹತ್ತಿತು.

ಮೊದಲ ಮಳೆ ಬಿದ್ದ ವಾರ ಮೊಟ್ಟೆಗಳು ಒಂದೊಂದಾಗಿ ಬಿರಿದವು. ಕೇರಿಯವರೆಲ್ಲ ಬಾಗಿಲಲ್ಲಿ ಇಣುಕಿದರು. ದೊಡ್ಡ ಕಣ್ಣಿನ, ಉದ್ದ ಬಾಲದ ಸಣಕಲು ಮರಿಗಳು. ಒಂದಕ್ಕೂ ಹೆಡೆ ಇಲ್ಲ.

"ಕೇರೆ" ಎಂದ ಗಣಪತಿ, ನೆಲ ನೋಡುತ್ತ.

"ಬರೀ ಕೇರೆಯಾ?" ಗಿರಿಜಕ್ಕನ ಮುಖ ನೋಡಬೇಕಿತ್ತು. "ಕೇರೆಗಾ ನಾನು ಅಷ್ಟು ಹಾಲು ಕೊಟ್ಟದ್ದು?" (ಅಲ್ಲ ಗಿರಿಜಕ್ಕ, ನಮಗೆ.) ಜನ ಎಷ್ಟು ಬೇಗ ಕರಗಿದರೆಂದರೆ ಬಾಗಿಲಲ್ಲಿ ಚಪ್ಪಲಿಯೂ ಉಳಿಯಲಿಲ್ಲ.

ಗಣಪತಿಗೆ ಮೊದಲೇ ಅನುಮಾನವಿತ್ತಂತೆ. ಕೇರೆ ಎಂದರೆ ಅವ್ವ ಕೋಣೆ ಕೊಡಲಿಕ್ಕಿಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದನಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ನನಗೆ ಸಿಟ್ಟು ಬಂತು. ಇಲಿ ತಿಂದು ಗದ್ದೆ ಕಾಯುವ, ವಿಷವಿಲ್ಲದ ಪಾಪದ ಹಾವು ಕೇರೆ, ನಿಜ. ಆದರೆ ನಾಗಪ್ಪನೆಂದು ನಂಬಿಸಿ, ಮಗ ಕಡಲಲ್ಲಿದ್ದಾಗ ತಾಯಿಯ ದೀಪವನ್ನು ಗಾಳಿಗೆ ಒಡ್ಡಿಸುವುದೇ? ಅತ್ತೆ ಎಷ್ಟು ನೊಂದುಕೊಂಡರೋ ಎಂದು ಹೆದರುತ್ತಲೇ ಅವರ ಹತ್ತಿರ ಹೋದೆ.

ಅವರು ಮರಿಗಳನ್ನೇ ನೋಡುತ್ತ ನಿಂತಿದ್ದರು.

"ಅತ್ತೆ, ಇವ ನಿಮ್ಗೆ ಸುಳ್ಳು ಹೇಳ್ದ. ನಾಗಪ್ಪ ಅಂತ ನೀವು ದೀಪ ಹೊರಗಿಟ್ರಿ…"

"ನಾಗಪ್ಪ ಅಂತ ಇಟ್ಟೆ ಅಂತ ನಿಂಗ್ಯಾರ್ ಹೇಳ್ದವ್ರು? ಅವಕ್ಕೆ ಬಿಸಿ ಆಗ್ತದೆ ಅಂದೆ ನೀನು. ಅದ್ಕೆ ಇಟ್ಟೆ."

ಒಂದು ಜೀವಕ್ಕೆ ಸೆಕೆಯಾಗುತ್ತಿದೆ ಎಂದರೆ ನಾವೆಲ್ಲ ಮೊದಲು ಅದಕ್ಕೆ ಹೆಡೆ ಇದೆಯಾ ಎಂದು ನೋಡುವುದು ಯಾಕೆ?