ಡಬ್ಬವಿಲ್ಲದ ಕಂಪ್ಯೂಟರ್

ಬೆಟ್ಟದ ಬಸ್ಸು ತಿರುಗುವ ಮೂಲೆಯಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿಕೊಡುವವನೊಬ್ಬನಿದ್ದ. ಅವನು ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ. ಒಂದು ಕಾಲು ಸದಾ ಕುಣಿಯುತ್ತಿತ್ತು, ಬಾಯಲ್ಲಿ ಒಂದೇ ಮಾತು: "ಆಗೋಯ್ತು ಕಣಜ್ಜಿ."

ಹೊಸ ಮಾದರಿಯ ಕಂಪ್ಯೂಟರ್ ತಂದ ಮೇಲೆ ಕುಣಿತ ಎರಡೂ ಕಾಲಿಗೆ ಹಬ್ಬಿತು. ಅದರಲ್ಲಿ ಎಲ್ಲವೂ ಪರದೆಯೊಳಗೇ, ಮೇಜಿನ ಕೆಳಗಿಡುವ ಡಬ್ಬವೇ ಇಲ್ಲ. ಕಾಲೇಜು ಹುಡುಗಿಯರು "ಸೂಪರಾಗಿದೆ ಅಣ್ಣಾ" ಎಂದರು. ಹಳೆಯ ಗಿರಾಕಿಗಳು ಮಾತ್ರ ಬಗ್ಗಿ ನೋಡಿ, "ಡಬ್ಬಾನೇ ಇಲ್ವಲ್ಲೋ! ಬರೀ ಟೀವಿ ಇದು. ನಮ್ ಅರ್ಜಿನೆಲ್ಲಾ ಎಲ್ಲಿಟ್ಕೊಳುತ್ತೆ?" ಎಂದು ಎದುರಂಗಡಿಗೆ ನಡೆದರು. ಅವನು ಬಾಗಿಲಿಗೂ ಮೇಜಿಗೂ ಓಡಾಡತೊಡಗಿದ.

ಆಯುಧಪೂಜೆಯ ದಿನ ಹೋದರೆ, ಹಳೆಯ ಕಂಪ್ಯೂಟರಿನ ಡಬ್ಬ ಮೇಜಿನ ಕೆಳಗೆ ಮರಳಿ ಬಂದಿತ್ತು. ಮೈತುಂಬ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಹಳಬರೂ ಮರಳಿದ್ದರು.

"ಈಗ ನೋಡು, ಎಷ್ಟು ಸ್ಪೀಡಾಗ್ಬುಡ್ತು!" ಎಂದು ಒಬ್ಬರು ಡಬ್ಬದ ಬೆನ್ನು ತಟ್ಟಿದರು.

ನಾನೂ ಬಗ್ಗಿದೆ. ಡಬ್ಬಕ್ಕೆ ಒಂದು ವೈರೂ ಇರಲಿಲ್ಲ.

"ಏನೋ ಇದು?" ಎಂದು ಪಿಸುಗುಟ್ಟಿದೆ.

"ಅಜ್ಜೀ, ನಿಮ್ ಕಾಲಿಗೆ ಬೀಳ್ತೀನಿ, ಸುಮ್ನಿರಿ. ಈಗಷ್ಟೇ ವಾಪಸ್ ಬಂದವ್ರೆ."

ನಾನು ಡಬ್ಬಕ್ಕೆ ಕೈಮುಗಿದು ಎಲ್ಲರಿಗೂ ಕೇಳುವಂತೆ ಹೇಳಿದೆ: "ಭಾರಿ ಡಬ್ಬ ಕಣ್ರೀ! ಕರೆಂಟ್ ಹೋದ್ರೂ ಇದಕ್ಕೇನೂ ಆಗಲ್ಲ."

ಅವನ ಎರಡು ಕಾಲೂ ಗಕ್ಕನೆ ನಿಂತವು.